ಸೋದರಮಾವನ ಕಾಯಿಲೆ: ಕೆನಡಿ ರೋಗ ಮತ್ತು ಹಾರ್ಮೋನು ನಿಗ್ರಹ ಚಿಕಿತ್ಸೆ

ಕರಾವಳಿ ಕರ್ನಾಟಕದಿಂದ ಬಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ಅನೇಕ ಕುಟುಂಬಗಳಿಗೆ ಅಳಿಯಸಂತಾನ ಪದ್ಧತಿ ಅಪರಿಚಿತವಲ್ಲ. ತಾಯಿಯ ಮೂಲಕ ವಂಶವನ್ನು ಗುರುತಿಸುವ ಈ ಕ್ರಮದಲ್ಲಿ ಸೋದರಮಾವನೂ ಅಳಿಯನೂ ಒಂದೇ ಕುಟುಂಬದವರು. ಆಸ್ತಿ ಹೀಗೆ ಸಾಗುವುದು ಸಂಪ್ರದಾಯದ ಮಾತು. ಆದರೆ ಕೆಲವು ಕಾಯಿಲೆಗಳು ಜಾತಿ, ಪ್ರದೇಶಗಳ ಭೇದವಿಲ್ಲದೆ, ನಿಸರ್ಗನಿಯಮದಿಂದಲೇ ಇದೇ ದಾರಿಯನ್ನು ಹಿಡಿಯುತ್ತವೆ. ವಿರಳವಾದ ಕೆನಡಿ ರೋಗ ಅವುಗಳಲ್ಲೊಂದು.

1897ರಲ್ಲಿ ಜಪಾನಿನ ವೈದ್ಯ ಕವಾಹರಾ ಇದನ್ನು ಇಬ್ಬರು ಸಹೋದರರಲ್ಲಿ ಗುರುತಿಸಿ, ಅವರ ಸೋದರಮಾವನಿಗೂ ಇದೇ ಕಾಯಿಲೆ ಇದ್ದುದನ್ನು ದಾಖಲಿಸಿದರು. 1968ರಲ್ಲಿ ಅಮೆರಿಕದ ವಿಲಿಯಂ ಕೆನಡಿ ಮತ್ತು ಸಂಗಡಿಗರು ವಿವರವಾಗಿ ವರ್ಣಿಸಿದುದರಿಂದ ಈಗಿನ ಹೆಸರು ಬಂದಿತು. ಕಾರಣ ತಿಳಿದದ್ದು 1991ರಲ್ಲಿ. ಪುರುಷ ಹಾರ್ಮೋನನ್ನು ಗ್ರಹಿಸುವ ಪ್ರೋಟೀನಿನ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಅದರಲ್ಲಿ ‘ಸಿಎಜಿ’ ಎಂಬ ಮೂರಕ್ಷರದ ಘಟಕವು 38 ಅಥವಾ ಅದಕ್ಕಿಂತ ಹೆಚ್ಚು ಬಾರಿ ಪುನರಾವರ್ತನೆಗೊಂಡಾಗ ಈ ರೋಗ ಉಂಟಾಗುತ್ತದೆ.

ವಿಕೃತ ಪ್ರೋಟೀನು ತಾನಾಗಿಯೇ ಅಷ್ಟು ಅಪಾಯಕಾರಿಯಲ್ಲ. ಟೆಸ್ಟೊಸ್ಟೆರೋನ್ ಅದಕ್ಕೆ ಅಂಟಿಕೊಂಡಾಗ ಅದು ಜೀವಕೋಶದ ಕೇಂದ್ರವನ್ನು ಸೇರಿ, ಸ್ನಾಯುಗಳನ್ನು ನಡೆಸುವ ನರಕೋಶಗಳನ್ನು ಕ್ರಮೇಣ ನಾಶಪಡಿಸುತ್ತದೆ. ಈ ದೋಷವನ್ನು ಹೊತ್ತ ಸ್ತ್ರೀಯರಲ್ಲಿ ಆ ಹಾರ್ಮೋನು ಅಲ್ಪವಾಗಿರುವುದರಿಂದ ರೋಗ ಸಾಮಾನ್ಯವಾಗಿ ಪ್ರಕಟವಾಗುವುದಿಲ್ಲ. ಪ್ರತಿ ಮಗನಿಗೂ ಅದು ದಾಟುವ ಸಂಭವ ಮಾತ್ರ ಅರ್ಧದಷ್ಟಿದೆ. ರೋಗಿಯಾದ ತಂದೆಯಿಂದ ಗಂಡುಮಕ್ಕಳಿಗೆ ಅದು ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲರೂ ವಾಹಕರಾಗುತ್ತಾರೆ.

ಚಿಕಿತ್ಸೆಯ ತರ್ಕವೂ ಇಲ್ಲಿಂದಲೇ ಹುಟ್ಟಿತು. ಲ್ಯುಪ್ರೊರೆಲಿನ್ ಚುಚ್ಚುಮದ್ದು ಪಿಟ್ಯುಟರಿ ಗ್ರಂಥಿಯನ್ನು ನಿರಂತರ ಪ್ರಚೋದನೆಯಿಂದ ದಣಿಸಿ, ವೃಷಣಗಳ ಹಾರ್ಮೋನು ಉತ್ಪಾದನೆಯನ್ನು ನಿಲ್ಲಿಸುತ್ತದೆ. ನಗೋಯಾ ವಿಶ್ವವಿದ್ಯಾಲಯದ ಸೊಬುಯೆ, ಕತ್ಸುನೊ ಮೊದಲಾದವರು ಇದನ್ನು ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ 48 ವಾರಗಳ ಪರೀಕ್ಷೆಯಲ್ಲಿ ಒಟ್ಟಾರೆ ಸ್ಪಷ್ಟ ಪ್ರಯೋಜನ ಸಿದ್ಧವಾಗಲಿಲ್ಲ. ರೋಗ ಆರಂಭವಾಗಿ ಹತ್ತು ವರ್ಷ ತುಂಬದವರ ನುಂಗುವಿಕೆಯಲ್ಲಿ ಮಾತ್ರ ಅನುಕೂಲದ ಸೂಚನೆ ಕಂಡಿತು. 2017ರಲ್ಲಿ ಜಪಾನ್ ಇದನ್ನು ಅಂಗೀಕರಿಸಿತು. ಹನ್ನೆರಡು ವಾರಗಳಿಗೊಮ್ಮೆಯಂತೆ ವರ್ಷಾನುಗಟ್ಟಲೆ ನಡೆಯುವ ಈ ಚಿಕಿತ್ಸೆಗೆ ತೆರಬೇಕಾದ ಬೆಲೆಯೂ ಇದೆ: ಕಾಮಾಸಕ್ತಿ ಹಾಗೂ ಸಂತಾನಶಕ್ತಿಯ ಕುಂದು, ಮೈಬಿಸಿಯೇರುವಿಕೆ, ಮೂಳೆಗಳ ಸವೆತ. ಇದು ರೋಗವನ್ನು ಗುಣಪಡಿಸದು. ಅದರ ನಡೆಯನ್ನು ನಿಧಾನಗೊಳಿಸೀತೆಂಬುದಷ್ಟೇ ಭರವಸೆ.

ಆದ್ದರಿಂದ ಬೇಗ ಗುರುತಿಸುವುದೇ ಮುಖ್ಯ. ಡೊಂಬಿವಲಿ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲು ಹತ್ತುವಾಗ ನಡುವಯಸ್ಸಿನವನೊಬ್ಬನ ಕಾಲು ಸೋತರೆ, ಕೈ ನಡುಗಿದರೆ ಅದನ್ನು ದಣಿವೆಂದು ಬಗೆಯುವುದು ಸಹಜ. ವೈದ್ಯರು ಸಹ ಇದನ್ನು ಹೆಚ್ಚು ಮಾರಕವಾದ ಬೇರೊಂದು ನರರೋಗವೆಂದು ಭಾವಿಸುವುದುಂಟು. ರಕ್ತದ ಜೀನು ಪರೀಕ್ಷೆ ಸಂದೇಹವನ್ನು ಪರಿಹರಿಸಬಲ್ಲದು. ಆದರೆ ಆ ಪರೀಕ್ಷೆಯತ್ತ ವೈದ್ಯರನ್ನು ಒಯ್ಯುವ ಸುಳಿವು ಅನೇಕ ವೇಳೆ ತಾಯಿಯ ನೆನಪಿನಲ್ಲಿರುತ್ತದೆ. ತಂದೆಯ ಮನೆತನವನ್ನಷ್ಟೇ ವಿಚಾರಿಸಿದರೆ ಆ ಸುಳಿವು ದೊರೆಯದು. ಊರಿನಲ್ಲಿರುವ ಸೋದರಮಾವನ ಕಾಲು ಏಕೆ ಸೋತಿತ್ತೆಂದು ಕೇಳಬೇಕು.