ಪೋಲೊ ತಗ್ಗಿಸೋಕೆ ಹೊರಟಿದ್ದೀರಾ? ಸ್ಪ್ರಿಂಗ್ ಮಾತ್ರ ಕತ್ತರಿಸಬೇಡಿ

2022ರಲ್ಲಿ ಮಾರಾಟ ನಿಂತರೂ ಪೋಲೊ ಜಿಟಿ ಟಿಎಸ್‌ಐ ಹುಚ್ಚು ನಮ್ಮ ಹುಡುಗರಿಗೆ ಬಿಟ್ಟಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಮನೆಗೆ ಬಂದ ಕೂಡಲೇ ಪ್ರಶ್ನೆ ಒಂದೇ: ಎಷ್ಟು ತಗ್ಗಿಸಬಹುದು?

ಮೊದಲು ನೀವು ಓಡಾಡುವ ರಸ್ತೆ ನೋಡಿ. ಕಂಪನಿ ಕೊಟ್ಟ ಗ್ರೌಂಡ್ ಕ್ಲಿಯರೆನ್ಸ್ ಸುಮಾರು 165 ಮಿ.ಮೀ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿ ಪ್ರಕಾರ ಹಂಪ್ ಎತ್ತರ 100 ಮಿ.ಮೀ. ನಮ್ಮೂರ ಹಂಪ್‌ಗಳಿಗೆ ಆ ಮಾರ್ಗಸೂಚಿ ತಲುಪಿಲ್ಲ ಬಿಡಿ! 40 ಮಿ.ಮೀ. ಇಳಿಸಿ ನಾಲ್ಕು ಜನ ಕೂತರೆ ಗಾಡಿಯ ಹೊಟ್ಟೆ ಉಜ್ಜೋದೇ. ದಿನಾ ಓಡಿಸುವವರು 25 ದಾಟದಿರುವುದು ವಾಸಿ.

ಅಗ್ಗವಾಗುತ್ತೆ ಅಂತ ಕೆಲವರು ಇರುವ ಸ್ಪ್ರಿಂಗನ್ನೇ ಕತ್ತರಿಸಿಕೊಡ್ತಾರೆ. ಬೇಡವೇ ಬೇಡ. ಚಕ್ರ ಗುಂಡಿಗೆ ಇಳಿದಾಗ ಗಿಡ್ಡ ಸ್ಪ್ರಿಂಗ್ ಸಡಿಲಾಗಿ ಜಾಗ ಬಿಟ್ಟು ಸರಿಯಬಹುದು. ಅದೇ ಗಾಡಿಗೆಂದು ತಯಾರಾದ ಲೋವರಿಂಗ್ ಸ್ಪ್ರಿಂಗ್ ಕೊಳ್ಳಿ. ಅದು ಗಿಡ್ಡ ಮಾತ್ರವಲ್ಲ, ಗಡುಸೂ ಹೌದು. ಸವೆದ ಶಾಕ್ ಅಬ್ಸಾರ್ಬರ್ ಅದನ್ನು ಹಿಡಿದಿಡಲಾರದೆ ಗಾಡಿ ಕುಪ್ಪಳಿಸುತ್ತೆ. ಹೆಚ್ಚು ಓಡಿದ ಗಾಡಿಯಾದರೆ ಶಾಕ್ ಅಬ್ಸಾರ್ಬರ್, ಮೇಲಿನ ಮೌಂಟ್ ಜೊತೆಗೇ ಬದಲಿಸಿ, ಬಿಚ್ಚುವ ಕೂಲಿ ಒಂದೇ ಸಲ. ಎತ್ತರ ಹೊಂದಿಸಬಹುದಾದ ಕಾಯಿಲೋವರ್ ದುಬಾರಿ. ಕೆಸರಿಗೆ ಥ್ರೆಡ್ ತುಕ್ಕು ಹಿಡಿದು ಕೂತರೆ ಕೊಟ್ಟ ದುಡ್ಡು ದಂಡ.

ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಇಲ್ಲದಿದ್ದರೆ ಟೈರಿನ ಒಳಅಂಚು ಸವೆಯುತ್ತೆ, ಹೊರಗಿಂದ ಗೊತ್ತೂ ಆಗಲ್ಲ.

ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ ಕಾನೂನು ಒಪ್ಪದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಗಾಡಿ ಬಿಚ್ಚಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆ ಕಂಪನಿಗೂ ತಿಳಿಸಿ.