ಚೆಂಡಿನ ಸ್ವಾಧೀನವೂ ಟೈಮ್‌ಔಟ್ ಕೋರಿಕೆಯೂ

ಬ್ಯಾಸ್ಕೆಟ್‌ಬಾಲ್ ನಿಯಮಾವಳಿಯಲ್ಲಿ ‘ಸ್ವಾಧೀನ’ವೆಂಬುದಕ್ಕೆ ಎರಡು ನೆಲೆಗಳುಂಟು. ಆಟಗಾರನು ಚೆಂಡನ್ನು ಹಿಡಿದಿರುವಾಗ ಅಥವಾ ಪುಟಿಸುತ್ತಿರುವಾಗ ಅದು ಅವನ ಸ್ವಾಧೀನದಲ್ಲಿದೆ. ಅವನ ಮೂಲಕ ಅವನ ತಂಡದ ಸ್ವಾಧೀನದಲ್ಲಿಯೂ ಇದೆ. ಅವನು ಅದನ್ನು ಜೊತೆಗಾರನತ್ತ ಎಸೆದನೆನ್ನೋಣ. ಚೆಂಡು ಗಾಳಿಯಲ್ಲಿರುವಷ್ಟು ಹೊತ್ತು ಅದು ಯಾವ ಆಟಗಾರನ ಸ್ವಾಧೀನದಲ್ಲಿಯೂ ಇಲ್ಲ. ತಂಡದ ಸ್ವಾಧೀನ ಮಾತ್ರ ಮುಂದುವರಿಯುತ್ತದೆ. ಎದುರಾಳಿಯ ಬೆರಳು ತಗುಲಿದ ಮಾತ್ರಕ್ಕೆ ಅದು ಮುರಿಯದು. ಎದುರಾಳಿಯು ಚೆಂಡನ್ನು ವಶಪಡಿಸಿಕೊಳ್ಳಬೇಕು, ಚೆಂಡು ‘ಡೆಡ್’ ಆಗಬೇಕು, ಇಲ್ಲವೆ ಬುಟ್ಟಿಗೆ ಗುರಿಯಿಟ್ಟ ಚೆಂಡು ಕೈಯಿಂದ ಬಿಡುಗಡೆಯಾಗಬೇಕು. ಬುಟ್ಟಿಯತ್ತ ಹಾರುತ್ತಿರುವ ಚೆಂಡು ಯಾವ ತಂಡದ್ದೂ ಅಲ್ಲವೆಂಬುದು ವಿದ್ಯಾರ್ಥಿಗಳಿಗೆ ವಿಚಿತ್ರವಾಗಿ ತೋರಬಹುದು.

ಈ ಭೇದದ ಪ್ರಯೋಜನವು ಅಮೆರಿಕದ ಕಾಲೇಜು ಆಟದಲ್ಲಿ ಸ್ಪಷ್ಟವಾಗುತ್ತದೆ. ಅಲ್ಲಿ ಆಟ ನಡೆಯುತ್ತಿರುವಾಗಲೇ ಆಟಗಾರನು ಟೈಮ್‌ಔಟ್ ಕೋರಬಹುದು. ಆದರೆ ಅದಕ್ಕೆ ತಂಡದ ಸ್ವಾಧೀನ ಸಾಲದು, ಆಟಗಾರನ ಸ್ವಾಧೀನವೇ ಬೇಕು. ಪುಟಿಸುತ್ತಿದ್ದ ಚೆಂಡು ಕಾಲಿಗೆ ತಾಗಿ ದೂರ ಉರುಳಿದಾಗ, ಅದರ ಹಿಂದೆ ಓಡುತ್ತ ಅವನು ಎಷ್ಟೇ ಕೂಗಿದರೂ ತೀರ್ಪುಗಾರನು ಮನ್ನಿಸಕೂಡದು. ಅವನು ನೆಲಕ್ಕೆ ಬಿದ್ದು ಚೆಂಡನ್ನು ತಬ್ಬಿಕೊಂಡ ಕ್ಷಣದಿಂದ ಮನ್ನಿಸಬೇಕು. ಅಷ್ಟರಲ್ಲಿ ಎದುರಾಳಿಯೂ ಬಿಗಿಯಾಗಿ ಕೈ ಹಾಕಿದ್ದರೆ ಅದು ‘ಹೆಲ್ಡ್ ಬಾಲ್’. ಯಾವುದು ಮೊದಲೆಂಬುದನ್ನು ಕಣ್ಣು ನಿರ್ಧರಿಸಬೇಕೇ ಹೊರತು ಕಿವಿಯಲ್ಲ. ಅಂಕಣದ ಪಕ್ಕದಿಂದ ಕೋಚ್ ಕೂಗಿದಾಗ ತೀರ್ಪುಗಾರನ ದೃಷ್ಟಿ ಚೆಂಡಿನಿಂದ ಸರಿಯುವ ಅಪಾಯವಿತ್ತು; ಪುರುಷರ ಆಟದಲ್ಲಿ 2015–16ರ ಋತುವಿನಿಂದ, ಚೆಂಡು ಆಟದಲ್ಲಿರುವಾಗ ಹಾಗೆ ಕೋರುವ ಹಕ್ಕನ್ನು ಕೋಚ್‌ಗಳಿಂದ ಹಿಂತೆಗೆದುಕೊಂಡದ್ದು ಉಚಿತವೇ ಸರಿ.

1993ರ ಏಪ್ರಿಲ್ 5ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಅಂತಿಮ ಪಂದ್ಯ ಪ್ರಸಿದ್ಧ ನಿದರ್ಶನ. ನಾರ್ತ್ ಕ್ಯಾರೊಲಿನಾ 73, ಮಿಷಿಗನ್ 71. ಉಳಿದದ್ದು 11 ಸೆಕೆಂಡು. ಮೂಲೆಯಲ್ಲಿ ಇಬ್ಬರ ನಡುವೆ ಸಿಕ್ಕಿಕೊಂಡ ಮಿಷಿಗನ್‌ನ ಕ್ರಿಸ್ ವೆಬರ್ ಟೈಮ್‌ಔಟ್ ಕೋರಿದನು. ತಂಡದ ಪಾಲಿನ ಟೈಮ್‌ಔಟ್‌ಗಳು ಆಗಲೇ ಮುಗಿದಿದ್ದವು. ತೀರ್ಪುಗಾರನು ಸುಮ್ಮನೆ ನಿರಾಕರಿಸಬಹುದಾಗಿತ್ತಲ್ಲವೆ ಎಂದು ಕೇಳುವವರುಂಟು. ಚೆಂಡು ವೆಬರನ ಕೈಯಲ್ಲಿದ್ದುದರಿಂದ ಕೋರಿಕೆ ಕ್ರಮಬದ್ಧವೇ ಆಗಿತ್ತು. ಮಿತಿ ಮೀರಿದ ಕೋರಿಕೆಯನ್ನು ಮನ್ನಿಸಿ ಟೆಕ್ನಿಕಲ್ ಫೌಲ್ ವಿಧಿಸಬೇಕೆಂಬುದೇ ಅಲ್ಲಿನ ನಿಯಮ. ನಾರ್ತ್ ಕ್ಯಾರೊಲಿನಾಕ್ಕೆ ಎರಡು ಫ್ರೀ ಥ್ರೋಗಳೊಡನೆ ಚೆಂಡೂ ದೊರೆಯಿತು. ಪಂದ್ಯ 77–71ಕ್ಕೆ ಮುಗಿಯಿತು.

ನಮ್ಮ ದೇಶದಲ್ಲಿ ಅನುಸರಿಸುವ ಫೀಬಾ ನಿಯಮಾವಳಿಯಲ್ಲಿ ಇಂತಹ ಪ್ರಸಂಗ ಉದ್ಭವಿಸದು. ಅಲ್ಲಿ ಟೈಮ್‌ಔಟ್ ಕೇಳತಕ್ಕವರು ಮುಖ್ಯ ಕೋಚ್ ಅಥವಾ ಪ್ರಥಮ ಸಹಾಯಕ ಕೋಚ್. ಕೇಳುವುದು ಸ್ಕೋರರ್‌ನ ಮೇಜಿನಲ್ಲಿ. ಅವಕಾಶ ದೊರೆಯುವುದು ಗಡಿಯಾರ ನಿಂತು ಚೆಂಡು ‘ಡೆಡ್’ ಆದಾಗ, ಇಲ್ಲವೆ ಎದುರಾಳಿ ಬುಟ್ಟಿ ಗಳಿಸಿದಾಗ. ಹೀಗೆ ಸ್ವಾಧೀನದ ಸಂದೇಹ ಟೈಮ್‌ಔಟಿಗೆ ಅಂಟುವುದಿಲ್ಲ; ಇಕ್ಕಟ್ಟಿನಲ್ಲಿ ಸಿಕ್ಕ ಆಟಗಾರನಿಗೆ ಪಾರಾಗುವ ದಾರಿಯೂ ಇಲ್ಲ. ಮೊದಲರ್ಧಕ್ಕೆ 2, ಉತ್ತರಾರ್ಧಕ್ಕೆ 3, ಪ್ರತಿ ಹೆಚ್ಚುವರಿ ಅವಧಿಗೆ 1. ಉತ್ತರಾರ್ಧದ ಮೂರನ್ನೂ ಕೊನೆಗೆ ಕಾಯ್ದಿರಿಸುವ ಕೋಚ್ ಒಂದನ್ನು ಕಳೆದುಕೊಳ್ಳುತ್ತಾನೆ: ನಾಲ್ಕನೆಯ ಕ್ವಾರ್ಟರ್‌ನ ಅಂತಿಮ 2 ನಿಮಿಷಗಳಲ್ಲಿ ಬಳಸಬಹುದಾದುದು ಎರಡನ್ನು ಮಾತ್ರ.