ಚಿಟಿಕೆ ಮದ್ದು, ಎರಡು ನಿಮಿಷ

ಚಹಾಕ್ಕೆ ಹಾಕುವ ಒಂದು ಸಣ್ಣ ಚಮಚ ಸಕ್ಕರೆ ಸುಮಾರು 4 ಗ್ರಾಂ. ಅದನ್ನು ನೂರು ಪಾಲು ಮಾಡಿ, 99 ಪಾಲನ್ನು ಡಬ್ಬಿಗೆ ವಾಪಸ್ ಸುರಿದುಬಿಡಿ. ಚಮಚದಲ್ಲಿ ಉಳಿದದ್ದು 40 ಮಿಲಿಗ್ರಾಂ.

ಪ್ರೊಪ್ರನೊಲಾಲ್ ಎಂಬ ಮಾತ್ರೆಯ ಒಂದು ಸಾಮಾನ್ಯ ಡೋಸೂ ಅಷ್ಟೇ. 1960ರ ದಶಕದಲ್ಲಿ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಇದನ್ನು ರೂಪಿಸಿದ್ದು ಹೃದಯದ ಕಾಯಿಲೆಗಾಗಿ. 1988ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ಮಾತ್ರೆಯನ್ನು ಆಮ್‌ಸ್ಟರ್‌ಡ್ಯಾಂನ ಸಂಶೋಧಕರಾದ ಸೂಟರ್ ಮತ್ತು ಕಿಂಟ್ ಜೇಡ ಕಂಡರೆ ನಡುಗುವವರ ಮೇಲೆ ಪ್ರಯೋಗಿಸಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇದ್ದವರು 45 ಮಂದಿ. ಅಂಗೈಯಗಲದ ಟರಾಂಟುಲಾ ಜೇಡದ ಮುಂದೆ ಎರಡು ನಿಮಿಷ ನಿಲ್ಲಿಸಿ, ಭಯ ಕೆರಳಿದ ಮೇಲೆ ಒಂದು ಮಾತ್ರೆ ನುಂಗಿಸಿದರು. ಹುಸಿ ಮಾತ್ರೆ ನುಂಗಿದವರು ಹೆದರುತ್ತಲೇ ಉಳಿದರು. ಜೇಡವನ್ನೇ ನೋಡದೆ ಅಸಲಿ ಮಾತ್ರೆ ನುಂಗಿದವರೂ ಅಷ್ಟೇ. ಜೇಡ, ಅಸಲಿ ಮಾತ್ರೆ ಎರಡೂ ಸಿಕ್ಕವರು ಮಾತ್ರ ಮುಂದೆ ಜೇಡದ ಹತ್ತಿರ ಹೋಗಿ ಮುಟ್ಟತೊಡಗಿದರು. ಒಂದು ವರ್ಷವಾದರೂ ಆ ಧೈರ್ಯ ಇಳಿಯಲಿಲ್ಲ.

ಗುಟ್ಟು ಇರುವುದು ಆ ಎರಡು ನಿಮಿಷದಲ್ಲೇ. ನೆನಪು ಕಲ್ಲಿನ ಮೇಲಿನ ಬರಹವಲ್ಲ, ಅಚ್ಚು ಬೆಲ್ಲ. ನೆನೆಸಿಕೊಂಡಾಗ ಕರಗಿ ಪಾಕವಾಗುತ್ತದೆ, ಆರಿದ ಮೇಲೆ ಮತ್ತೆ ಗಟ್ಟಿ. ವಿಜ್ಞಾನಿ ಕರೀಂ ನಾದರ್ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ ಇಲಿಗಳ ಮೇಲೆ ಇದನ್ನು ತೋರಿಸಿದ್ದು 2000ದಲ್ಲಿ. ಶಾಕ್‌ನ ನೆನಪು ತರುವ ಸದ್ದು ಕೇಳಿಸಿ, ಕೂಡಲೇ ಮಿದುಳಿನ ಅಮಿಗ್ಡಲ ಎಂಬ ಭಾಗಕ್ಕೆ ಪ್ರೋಟೀನ್ ತಯಾರಿ ತಡೆಯುವ ಮದ್ದು ಕೊಟ್ಟರೆ, ಮುಂದೆ ಆ ಸದ್ದಿಗೆ ಇಲಿಗಳು ಮೊದಲಿನಂತೆ ಮರಗಟ್ಟುತ್ತಿರಲಿಲ್ಲ. ಆರು ಗಂಟೆ ತಡಮಾಡಿದರೆ ಅದೇ ಮದ್ದು ದಂಡ. ಬೆಲ್ಲ ಅಷ್ಟರಲ್ಲಿ ಅಚ್ಚು ಕಟ್ಟಿರುತ್ತಿತ್ತು.

ಜೇಡದ ಭಯ ಬೇರೆ, ಯುದ್ಧ, ಅತ್ಯಾಚಾರ, ಅಪಘಾತ ಕಂಡವರ ಆಘಾತ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಶೇ 3.9ರಷ್ಟು ಜನರನ್ನು ಬದುಕಿನಲ್ಲಿ ಒಮ್ಮೆಯಾದರೂ ಇಂಥ ಆಘಾತದ ಬೆನ್ನಿಗೆ ಬರುವ ಮನೋಬೇನೆ ಪಿಟಿಎಸ್‌ಡಿ ಕಾಡಿದೆ. ಲೆಕ್ಕ ಹಾಕಿದರೆ 31 ಕೋಟಿ, ನಾಲ್ಕು ಕರ್ನಾಟಕಗಳಿಗಿಂತ ಹೆಚ್ಚು. 2018ರಲ್ಲಿ ಮಾಂಟ್ರಿಯಲ್‌ನ ಸಂಶೋಧಕ ಅಲೈನ್ ಬ್ರುನೆ ಅಂಥ 60 ಮಂದಿಯ ಅಧ್ಯಯನ ಪ್ರಕಟಿಸಿದರು. ಅದೇ ಮಾತ್ರೆ ನುಂಗಿ 90 ನಿಮಿಷ ಕಾಯುವುದು. ತಾವೇ ಬರೆದಿಟ್ಟ ಆಘಾತದ ಘಟನೆಯನ್ನು ಗಟ್ಟಿಯಾಗಿ ಓದುವುದು. ವಾರಕ್ಕೊಮ್ಮೆ, ಆರು ವಾರ. ಹುಸಿ ಮಾತ್ರೆಯವರಿಗಿಂತ ಅಸಲಿ ಮಾತ್ರೆಯವರ ಲಕ್ಷಣಗಳು ಹೆಚ್ಚು ಇಳಿದವು. ಎಲ್ಲ ಪ್ರಯೋಗಗಳೂ ಹೀಗೆ ಗೆದ್ದಿಲ್ಲ. ಗೆದ್ದಲ್ಲೂ ಘಟನೆ ಅಳಿಸಿಹೋಗುವುದಿಲ್ಲ. ನಡೆದದ್ದು ನೆನಪಿರುತ್ತದೆ, ಅದರ ಕುಟುಕು ಮೊಂಡಾಗುತ್ತದೆ.

ಆಮ್‌ಸ್ಟರ್‌ಡ್ಯಾಂನ ಆ ಜನ ಜೇಡ ಮುಟ್ಟಿ ಬಂದ ಮೇಲೂ ಪ್ರಶ್ನಾವಳಿಯಲ್ಲಿ ಬರೆದದ್ದು ‘ಭಯ ಹಾಗೇ ಇದೆ’ ಎಂದೇ. ಆ ಉತ್ತರ ಬದಲಾಗಲು ತಿಂಗಳುಗಳೇ ಬೇಕಾದವು. ಕೈಗೆ ಎರಡು ನಿಮಿಷದಲ್ಲಿ ತಿಳಿದದ್ದು ಬಾಯಿಗೆ ತಲುಪಲು ಅಷ್ಟು ದಿನ!